ಒಂದು ಕೇಬಲ್, ಎರಡು ಕಾರ್ಬುರೇಟರ್: ಹಳೆಯ ಕಾರಿನ ಥ್ರಾಟಲ್ ಜೋಡಣೆ

ಪ್ರಶ್ನೆ: ನನ್ನದು 1960ರ ದಶಕದ ಬ್ರಿಟಿಷ್ ಸೆಡಾನ್, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್ ಎಂಜಿನ್. ಮೊದಲು ಒಂದೇ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇತ್ತು, ಪೆಡಲಿನಿಂದ ಅಲ್ಲಿಯವರೆಗೆ ಕಬ್ಬಿಣದ ಕಡ್ಡಿಗಳ ಜೋಡಣೆ. ಈಗ ಎಂಜಿಬಿ ಕಾರಿನ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಕವಲು ಕೊಳವೆ) ಕೂರಿಸಿ ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್ ಹಾಕಿದ್ದೇನೆ. ಹಳೆಯ ಕಡ್ಡಿ ಇದಕ್ಕೆ ಎಟುಕದ ಕಾರಣ ಸೈಕಲ್ ಬ್ರೇಕ್ ಕೇಬಲ್ ಎಳೆದೆ. ಔಟರ್ (ತಂತಿಯ ಹೊರಕೊಳವೆ) ತುದಿಯನ್ನು ಫೈರ್‌ವಾಲ್‌ಗೆ, ಅಂದರೆ ಎಂಜಿನ್ನಿಗೂ ಕಾರಿನ ಒಳಕ್ಕೂ ನಡುವಿನ ತಗಡಿನ ಗೋಡೆಗೆ, ಬೋಲ್ಟ್ ಮಾಡಿದ ಒಂದು ಪಟ್ಟಿಗೆ ಸಿಕ್ಕಿಸಿದ್ದೇನೆ. ತೊಂದರೆ ನಾಲ್ಕು: ಪೆಡಲ್ ನೆಲ ಮುಟ್ಟಿದರೂ ಬಟರ್‌ಫ್ಲೈ (ಕಾರ್ಬುರೇಟರಿನ ಗಾಳಿದಾರಿ ತೆರೆದು ಮುಚ್ಚುವ ತಟ್ಟೆ) ಪೂರ್ತಿ ತೆರೆಯುವುದಿಲ್ಲ; ಮೊದಲ ಗೇರಿನಲ್ಲಿ ಕ್ಲಚ್ ಬಿಡುವಾಗ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತದೆ; ಐಡಲ್ (ಪೆಡಲ್ ಒತ್ತದೆ ಎಂಜಿನ್ ಓಡುವುದು) ಚೆನ್ನಾಗಿದ್ದರೂ ಪೆಡಲ್ ಮುಟ್ಟಿದ ತಕ್ಷಣ ಎಂಜಿನ್ ಒಮ್ಮೆ ಮುಗ್ಗರಿಸುತ್ತದೆ; ಎರಡೇ ತಿಂಗಳಲ್ಲಿ ಕಾರ್ಬುರೇಟರ್ ಕಡೆಯ ಸ್ಕ್ರೂ ಹತ್ತಿರ ತಂತಿ ಕಿತ್ತುಹೋಯಿತು. ಪೆಡಲಿನ ಕಡೆ ತಂತಿ 37.5 ಮಿ.ಮೀ. ಚಲಿಸುತ್ತದೆ, ಥ್ರಾಟಲ್ ಲಿವರ್ ತೂತು ಸ್ಪಿಂಡಲ್ (ಬಟರ್‌ಫ್ಲೈ ಕೂತಿರುವ ಅಚ್ಚುಕಡ್ಡಿ) ಮಧ್ಯದಿಂದ 38 ಮಿ.ಮೀ. ದೂರದಲ್ಲಿದೆ. ಸರಿಯಾಗಿ ಮಾಡುವುದು ಹೇಗೆ? ಎರಡು ಕಾರ್ಬುರೇಟರಿಗೆ ಎರಡು ಕೇಬಲ್ ಬೇಕೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಬೇಡ, ಒಂದೇ ಕೇಬಲ್ ಸಾಕು. ಕೇಬಲ್‌ಗೆ ಇರುವುದು ಒಂದೇ ಕೆಲಸ, ಎರಡು ಕಾರ್ಬುರೇಟರ್‌ಗಳ ನಡುವಿನ ಶಾಫ್ಟನ್ನು ತಿರುಗಿಸುವುದು. ಎರಡೂ ಬಟರ್‌ಫ್ಲೈಗಳನ್ನು ಒಟ್ಟಿಗೆ ಏಳಿಸುವುದು ಆ ಶಾಫ್ಟಿನ ಜವಾಬ್ದಾರಿ. ಈ ಎರಡು ಕೆಲಸಗಳನ್ನು ಕಲಸಿಕೊಂಡಾಗಲೇ ಹೆಚ್ಚಿನ ತಾಪತ್ರಯ ಶುರುವಾಗುವುದು. ಒಂದು ಕೇಬಲ್ ಎರಡಾಗಿ ಕವಲೊಡೆಯುವ ವ್ಯವಸ್ಥೆ ಮೋಟಾರ್‌ಸೈಕಲ್‌ಗಳಲ್ಲಿ ಇದೆ ನಿಜ. ಆದರೆ ಎರಡು ತಂತಿಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ, ಒಂದೇ ಬಾಗಿನಲ್ಲಿ ಹೋಗುವುದಿಲ್ಲ. ಇವತ್ತು ಸರಿ ಮಾಡಿದ ಹೊಂದಾಣಿಕೆ ಮುಂದಿನ ತಿಂಗಳು ಇರುವುದಿಲ್ಲ. ಅಕ್ಕಪಕ್ಕ ನಿಂತ ಎರಡು ಎಸ್‌ಯುಗಳ ನಡುವೆ ಒಂದು ಗೇಣು ಉದ್ದದ ಉಕ್ಕಿನ ಶಾಫ್ಟ್ ಇರುವಾಗ ಆ ಗೋಜೇ ಬೇಕಿಲ್ಲ.

ನೀವು ಹೇಳಿದ ನಾಲ್ಕೂ ತೊಂದರೆಗಳ ಕಾರಣ ಬೇರೆ ಬೇರೆ. ಸುಲಭವಾಗಿ ಕಾಣುವುದರಿಂದ ಹಿಡಿಯೋಣ.

ಪೂರ್ತಿ ತೆರೆಯದ ಬಟರ್‌ಫ್ಲೈ

ಇದು ಬರೀ ಲೆಕ್ಕದ ವಿಷಯ. ತಂತಿ 37.5 ಮಿ.ಮೀ. ಚಲಿಸುತ್ತದೆ ಎಂದಿದ್ದೀರಿ. ಅದರಲ್ಲಿ 1.5 ಮಿ.ಮೀ. ಸಡಿಲಕ್ಕೆ ಬಿಡಬೇಕು (ಯಾಕೆಂದು ಮುಂದೆ ಬರುತ್ತದೆ), ಉಳಿಯುವುದು 36. ಬಟರ್‌ಫ್ಲೈ ಮುಚ್ಚಿದ ಸ್ಥಿತಿಯಿಂದ ಗಾಳಿದಾರಿಗೆ ಸಮಾನಾಂತರವಾಗುವವರೆಗೆ ಸುಮಾರು 80 ಡಿಗ್ರಿ ತಿರುಗಬೇಕು ಎಂದಿಟ್ಟುಕೊಳ್ಳಿ. ನಿಮ್ಮದರಲ್ಲಿ ಎಷ್ಟೆಂದು ಕೋನಮಾಪಕ ಹಿಡಿದು ಅಳೆದುಕೊಳ್ಳುವುದು ಒಳ್ಳೆಯದು. ಲಿವರ್ ತನ್ನ ತಿರುವಿನ ನಡುವಿನಲ್ಲಿ ಕೇಬಲ್‌ಗೆ ಲಂಬವಾಗಿ ನಿಲ್ಲುವಂತೆ ಕೂರಿಸಿದ್ದರೆ, 80 ಡಿಗ್ರಿಗೆ ಬೇಕಾಗುವ ಎಳೆತ ಲಿವರ್ ಉದ್ದದ 1.29 ಪಟ್ಟು. ನಿಮ್ಮ 38 ಮಿ.ಮೀ. ಲಿವರ್‌ಗೆ ಅದು 49 ಮಿ.ಮೀ. ಆಗುತ್ತದೆ. ನಿಮ್ಮಲ್ಲಿರುವ 36ಕ್ಕೆ ಅದು ತಿರುಗುವುದು 57 ಡಿಗ್ರಿ ಮಾತ್ರ. 57 ಎಂದರೆ 80ರ ಮುಕ್ಕಾಲು ಭಾಗಕ್ಕೆ ಹತ್ತಿರ ಎನಿಸಬಹುದು. ಆದರೆ ಬಟರ್‌ಫ್ಲೈ ಬಿಟ್ಟುಕೊಡುವ ದಾರಿ ಕೋನದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. 57 ಡಿಗ್ರಿಯಲ್ಲಿ ಸಿಗುವುದು 80 ಡಿಗ್ರಿಯಲ್ಲಿ ಸಿಗುವ ದಾರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಪರಿಹಾರ, ಲಿವರನ್ನು ಗಿಡ್ಡ ಮಾಡುವುದು. 36ನ್ನು 1.29ರಿಂದ ಭಾಗಿಸಿದರೆ 28 ಮಿ.ಮೀ. ಸ್ಪಿಂಡಲ್ ಮಧ್ಯದಿಂದ 28ರಲ್ಲಿ ಹೊಸ ತೂತು ಕೊರೆಯಿರಿ. ಇದರ ಬೆಲೆ ಕಾಲಿಗೆ ಬೀಳುತ್ತದೆ: ಅದೇ ಸ್ಪ್ರಿಂಗ್ ಇದ್ದರೆ ಎಳೆಯಲು ಮೂರನೇ ಒಂದರಷ್ಟು ಹೆಚ್ಚು ಬಲ ಬೇಕು. ಪೆಡಲ್ ಈಗಲೇ ಬಿಗಿ ಅನಿಸುತ್ತಿದ್ದರೆ ಲಿವರನ್ನು ಹಾಗೇ ಬಿಟ್ಟು ಪೆಡಲಿನ ತೋಳಿನಲ್ಲಿ ಕೇಬಲ್ ಸಿಕ್ಕಿಸುವ ತೂತನ್ನು ಕೀಲಿನಿಂದ ಇನ್ನಷ್ಟು ದೂರಕ್ಕೆ ಒಯ್ಯಬಹುದು. ಎಳೆತ ಅಷ್ಟರ ಮಟ್ಟಿಗೆ ಹೆಚ್ಚುತ್ತದೆ. ಕಾಲಿಗೆ ಬೀಳುವ ಭಾರದ ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಲಿವರಿಗೆ ತೂತು ಕೊರೆಯುವುದು ಐದು ನಿಮಿಷದ ಕೆಲಸ, ಪೆಡಲ್ ತೋಳನ್ನು ಬದಲಿಸುವುದು ಅರ್ಧ ದಿನದ್ದು.

ಈಗ ಲಿವರ್ ಎಲ್ಲಿಂದ ಹೊರಡಬೇಕು ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ನಿಂತು ಯೋಚಿಸುವುದು ಲಾಭ. ಲಿವರ್ ಮತ್ತು ತಂತಿಯ ನಡುವಿನ ಕೋನ 90 ಡಿಗ್ರಿ ಇದ್ದಾಗ ತಂತಿಯ ಪ್ರತಿ ಮಿಲಿಮೀಟರಿಗೆ ಸ್ಪಿಂಡಲ್ ಅತಿ ಕಡಿಮೆ ತಿರುಗುತ್ತದೆ. ಕೋನ ಅದಕ್ಕಿಂತ ಹೆಚ್ಚಾಗಲಿ, ಕಡಿಮೆಯಾಗಲಿ, ತಿರುಗುವ ವೇಗ ಏರುತ್ತದೆ. ನಡುವಿನಲ್ಲಿ ಲಂಬವಾಗಿ ಕೂರಿಸಿದರೆ ಲಿವರ್ 130 ಡಿಗ್ರಿಯಲ್ಲಿ ಹೊರಟು 50ಕ್ಕೆ ಮುಗಿಯುತ್ತದೆ. ಅಂದರೆ ಆರಂಭದಲ್ಲೇ, ಪೆಡಲನ್ನು ಬೆರಳಿಂದ ಸೋಕಿಸಿದಂತೆ ಒತ್ತಬೇಕಾದ ಜಾಗದಲ್ಲೇ, ಬಟರ್‌ಫ್ಲೈ ದುಡುಕುತ್ತದೆ. ಎರಡು ಕಾರ್ಬುರೇಟರ್ ಇರುವ ಎಂಜಿನ್ನಿಗೆ ಮೊದಲ ಐದು ಡಿಗ್ರಿಯೇ ಸೂಕ್ಷ್ಮ. ಅಲ್ಲಿ ನಯ ಬೇಕು. ಆದ್ದರಿಂದ ಲಿವರನ್ನು 110 ಡಿಗ್ರಿಯಲ್ಲಿ ಹೊರಡಿಸಿ 30ಕ್ಕೆ ಮುಗಿಸುವುದು ಮೇಲು. ಆಗ ಬೇಕಾದ ಎಳೆತ ಲಿವರ್ ಉದ್ದದ 1.21 ಪಟ್ಟು, ಹಾಗಾಗಿ ತೂತು 30 ಮಿ.ಮೀ.ನಲ್ಲಿ ಬರುತ್ತದೆ. 30 ಡಿಗ್ರಿಗಿಂತ ಕೆಳಗೆ ಮಾತ್ರ ಇಳಿಸಬೇಡಿ. ಲಿವರ್ ಮತ್ತು ತಂತಿ ಒಂದೇ ಗೆರೆಗೆ ಬಂದವೋ, ಸ್ಪ್ರಿಂಗ್ ಎಷ್ಟೇ ಎಳೆದರೂ ಥ್ರಾಟಲ್ ಹಿಂತಿರುಗದೆ ಹಾಗೇ ಸಿಕ್ಕಿಕೊಳ್ಳಬಹುದು. ಪೂರ್ತಿ ತೆರೆದ ಥ್ರಾಟಲ್ ಸಿಕ್ಕಿಕೊಳ್ಳುವುದು ಎಂದರೆ ಏನೆಂದು ವಿವರಿಸಬೇಕಿಲ್ಲ.

ಲಿವರಿನ ಬದಲು ತೋಡು ಕೊರೆದ ಅರ್ಧಚಂದ್ರದ ತುಂಡನ್ನು, ಅಂದರೆ ರಾಟೆಯ ಒಂದು ಭಾಗವನ್ನು, ಶಾಫ್ಟಿಗೆ ಹಾಕುವುದು ಇನ್ನೂ ಒಳ್ಳೆಯದು. ತಂತಿ ತೋಡಿನಲ್ಲಿ ಸುತ್ತಿಕೊಂಡೇ ಬಿಚ್ಚಿಕೊಳ್ಳುವುದರಿಂದ ಕೋನದ ತಲೆನೋವೂ ಇಲ್ಲ, ತುದಿಯಲ್ಲಿ ತಂತಿ ಮಡಚುವುದೂ ಇಲ್ಲ. ನಿಮ್ಮ ಲೆಕ್ಕಕ್ಕೆ ಸ್ಪಿಂಡಲ್ ಮಧ್ಯದಿಂದ ತಂತಿಯ ಮಧ್ಯಕ್ಕೆ 26 ಮಿ.ಮೀ. ಇರಬೇಕು. ಲೇತ್ ಕೆಲಸ ಮಾಡಿಸಲು ಸಾಧ್ಯವಿದ್ದರೆ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆಯಲ್ಲಿ 2 ಮಿ.ಮೀ. ಅಗಲದ ತೋಡು ತೆಗೆಸಿ. ಇಲ್ಲವೆಂದರೆ ಲಿವರೇ ಸಾಕು, ಬೇಸರ ಬೇಡ.

ಕುಪ್ಪಳಿಸುವ ಗಾಡಿ

ಇದಕ್ಕೆ ಕಾರಣ ಫೈರ್‌ವಾಲ್‌ಗೆ ಬಿಗಿದ ಆ ಪಟ್ಟಿ, ಬೇರೇನೂ ಅಲ್ಲ. ಇಂಥ ಕೇಬಲ್‌ನ ಗುಟ್ಟು ಇಷ್ಟೆ: ಒಳತಂತಿ ಎಳೆಯುವಷ್ಟೇ ಬಲದಿಂದ ಔಟರ್ ತಳ್ಳುತ್ತದೆ. ಔಟರ್‌ನ ಒಂದು ತುದಿ ಪೆಡಲ್ ಇರುವ ಬಾಡಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಇರುವ ಎಂಜಿನ್ನಿಗೆ ಆತುಕೊಂಡಿದ್ದರೆ, ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಎಷ್ಟೇ ಓಲಾಡಿದರೂ ಔಟರ್ ಬಾಗಿ ಅದನ್ನು ನುಂಗಿಕೊಳ್ಳುತ್ತದೆ; ಒಳತಂತಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕಡ್ಡಿಗಿಂತ ಕೇಬಲ್ ಮೇಲಾಗುವುದೇ ಈ ಗುಣದಿಂದ. ನೀವು ಎರಡೂ ತುದಿಗಳನ್ನು ಬಾಡಿಗೇ ಕಟ್ಟಿ ಆ ಗುಣವನ್ನೇ ಕಳೆದುಬಿಟ್ಟಿದ್ದೀರಿ. ಕ್ಲಚ್ ಹಿಡಿಯುತ್ತಿದ್ದಂತೆ ಎಂಜಿನ್ ಒಂದು ಪಕ್ಕಕ್ಕೆ ವಾಲುತ್ತದೆ. ಕಾರ್ಬುರೇಟರ್ ಮಟ್ಟದಲ್ಲಿ 5 ಮಿ.ಮೀ. ಸರಿದರೂ 38 ಮಿ.ಮೀ. ಲಿವರ್ ಏಳೂವರೆ ಡಿಗ್ರಿ ತಿರುಗಿತು. ಎಂಜಿನ್ ಜೋರಾಯಿತು, ಇನ್ನಷ್ಟು ವಾಲಿತು, ಮರುಕ್ಷಣ ಹಿಂದಕ್ಕೆ ಬಂತು, ಥ್ರಾಟಲ್ ಮುಚ್ಚಿತು, ಮತ್ತೆ ವಾಲಿತು. ನಿಮ್ಮ ಕಾಲು ಅಲುಗದೆ ಇದ್ದರೂ ಎಂಜಿನ್ ತನ್ನ ಪೆಡಲನ್ನು ತಾನೇ ಒತ್ತಿಕೊಳ್ಳುತ್ತಿದೆ.

ಬ್ರಾಕೆಟ್ ಎಂಜಿನ್ ಮೇಲಿರಲಿ. ಕಾರ್ಬುರೇಟರ್ ಫ್ಲ್ಯಾಂಜಿನ ಸ್ಟಡ್‌ಗಳು ಅಥವಾ ಹೀಟ್‌ಶೀಲ್ಡ್ ಹಿಡಿದಿರುವ ಅದೇ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. 3 ಮಿ.ಮೀ. ಉಕ್ಕಿನ ಪಟ್ಟಿ, ಕನಿಷ್ಠ ಎರಡು ಸ್ಟಡ್‌ಗಳ ಹಿಡಿತ, ಮಡಿಕೆಯ ಮೂಲೆಗೆ ಒಂದು ತ್ರಿಕೋನ ತುಂಡಿನ ಬೆಸುಗೆ. ತೆಳು ತಗಡಿನಲ್ಲಿ ಮಾಡಿದರೆ ಪೆಡಲ್ ಒತ್ತಿದಾಗ ಬ್ರಾಕೆಟ್ಟೇ 3-4 ಮಿ.ಮೀ. ಬಾಗುತ್ತದೆ, ಕಷ್ಟಪಟ್ಟು ಲೆಕ್ಕ ಹಾಕಿದ 36ರಲ್ಲಿ ಹತ್ತನೇ ಒಂದು ಅಲ್ಲೇ ಹೋಯಿತು. ಸ್ಟಡ್ ನಟ್ಟುಗಳಡಿ 3 ಮಿ.ಮೀ. ಸೇರಿಸಿದ ಮೇಲೆ ನಟ್ಟು ಪೂರ್ತಿ ಹಲ್ಲು ಹಿಡಿಯುತ್ತದೆಯೇ ನೋಡಿ. ಹಿಡಿಯದಿದ್ದರೆ ಉದ್ದದ ಸ್ಟಡ್ ಹಾಕಿ. ಫ್ಲ್ಯಾಂಜ್ ಸೊಟ್ಟಗಾಗುವಂತೆ ಒಂದೇ ಕಡೆ ಬಿಗಿದರೆ ಗ್ಯಾಸ್ಕೆಟ್ ಪಕ್ಕದಿಂದ ಗಾಳಿ ಎಳೆದು ಐಡಲ್ ಕೆಡುತ್ತದೆ, ಆ ಮೇಲೆ ತಪ್ಪನ್ನು ಕೇಬಲ್‌ನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಬ್ರಾಕೆಟ್ಟಿನ ತೂತು ಲಿವರಿನ ತುದಿಯಿಂದ 80 ಮಿ.ಮೀ. ಆದರೂ ದೂರವಿರಲಿ. ಲಿವರ್ ವೃತ್ತದಲ್ಲಿ ತಿರುಗುವುದರಿಂದ ತಂತಿ ನೆಟ್ಟಗೆ ಮಾತ್ರವಲ್ಲ, ಅಡ್ಡಕ್ಕೂ ಸ್ವಲ್ಪ ಸರಿಯುತ್ತದೆ. 28 ಮಿ.ಮೀ. ಲಿವರ್ ನಡುವಿನಿಂದ ಎರಡೂ ಕಡೆ 40 ಡಿಗ್ರಿ ತಿರುಗಿದರೆ ಅಡ್ಡಸರಿತ ಆರೂವರೆ ಮಿಲಿಮೀಟರಿನಷ್ಟು. 80 ದೂರದಲ್ಲಿ ಅದು ಐದು ಡಿಗ್ರಿಯ ವಾಲು, ತಂತಿ ತಡೆದುಕೊಳ್ಳುತ್ತದೆ. 30ರಷ್ಟು ಹತ್ತಿರ ಕೂರಿಸಿದರೆ 12 ಡಿಗ್ರಿ ದಾಟುತ್ತದೆ. ಔಟರ್ ಬಾಯಲ್ಲಿ ತಂತಿ ದಿನಾ ಗರಗಸದಂತೆ ಉಜ್ಜಿ ಎಳೆ ಎಳೆಯಾಗಿ ಬಿಡುತ್ತದೆ. 110ರಿಂದ 30ರ ಜೋಡಣೆಯಲ್ಲಿ ಅಡ್ಡಸರಿತ ಇನ್ನೂ ಹೆಚ್ಚು, ಹಾಗಾಗಿ ಅಲ್ಲಿ 120 ಮಿ.ಮೀ. ಇಟ್ಟುಕೊಳ್ಳಿ. ಆ ತೂತಿಗೆ ಎಂ6 ಅಥವಾ ಎಂ8 ಹಲ್ಲಿನ ಕೇಬಲ್ ಅಡ್ಜಸ್ಟರ್, 20 ಮಿ.ಮೀ. ಹೊಂದಾಣಿಕೆಗೆ ಜಾಗ, ಎರಡೂ ಕಡೆ ಲಾಕ್‌ನಟ್.

ಪೆಡಲಿನ ಕಡೆಯೂ ಔಟರ್‌ಗೆ ಗಟ್ಟಿ ಆಸರೆ ಬೇಕು. ಫೈರ್‌ವಾಲಿನ ತಗಡು ತೆಳ್ಳಗಿರುತ್ತದೆ, ಅದಕ್ಕೆ 2 ಮಿ.ಮೀ. ತಟ್ಟೆಯ ಬೆಂಬಲ ಕೊಡಿ. ರಬ್ಬರ್ ಗ್ರಾಮೆಟ್ಟಿನ (ತೂತಿನ ಅಂಚಿಗೆ ಹಾಕುವ ಬಳೆ) ಮೇಲೆ ಔಟರ್ ಆನಿಸಿದರೆ ಒತ್ತಿದಾಗಲೆಲ್ಲ ರಬ್ಬರ್ ಕುಗ್ಗಿ ಪೆಡಲ್ ಸ್ಪಂಜಿನಂತೆ ಆಗುತ್ತದೆ. ಗ್ರಾಮೆಟ್ ಇರುವುದು ನೀರು, ಹೊಗೆ ತಡೆಯಲು.

ಕಿತ್ತುಹೋದ ತಂತಿ

ಸೈಕಲ್ ಬ್ರೇಕ್ ತಂತಿಯ ಮೇಲೆ ತಪ್ಪು ಹೊರಿಸಬೇಡಿ. ಒಂದೂವರೆ ಮಿ.ಮೀ. ದಪ್ಪದ ಆ ತಂತಿ ಥ್ರಾಟಲ್ ಸ್ಪ್ರಿಂಗಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಎಳೆತಕ್ಕೆ ಮಾಡಿದ್ದು. ಗೇರ್ ಕೇಬಲ್ ಬೇರೆ: ಅದರ ತಂತಿ ತೆಳು, ಔಟರ್‌ನಲ್ಲಿ ಉದ್ದುದ್ದ ಎಳೆಗಳಿರುತ್ತವೆ, ಅದು ಈ ಕೆಲಸಕ್ಕೆ ಬೇಡ. ನಿಮ್ಮದನ್ನು ಕೊಂದದ್ದು ಸ್ಕ್ರೂ. ಸ್ಕ್ರೂವಿನ ಮೂತಿ ನೇರವಾಗಿ ತಂತಿಯ ಮೇಲೆ ತಿರುಗಿ ಕೂತರೆ ಮೊದಲ ದಿನವೇ ಮೂರು ನಾಲ್ಕು ಎಳೆ ತುಂಡಾಗಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಸ್ಕ್ರೂ ಹಿಡಿದ ಬೋಲ್ಟ್ ಲಿವರಿನಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ, ಲಿವರ್ ತಿರುಗಿದಾಗಲೆಲ್ಲ ತಂತಿ ಅದೇ ಒಂದು ಬಿಂದುವಿನಲ್ಲಿ ಮಡಚುತ್ತದೆ. ಒಂದು ಪೇಪರ್ ಕ್ಲಿಪ್ಪನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ, ಎಷ್ಟನೆಯ ಸಲಕ್ಕೆ ಮುರಿಯುತ್ತದೆಂದು ತಿಳಿಯುತ್ತದೆ.

ಬೇಕಾಗಿರುವುದು ತಿರುಗುವ ಗುಂಡಿ. 8 ಮಿ.ಮೀ. ಹಿತ್ತಾಳೆ ಸಲಾಕೆಯ ತುಂಡು, ಒಂದು ತುದಿಗೆ 6 ಮಿ.ಮೀ. ಕತ್ತು, ಕತ್ತು ಲಿವರ್ ತೂತಿನಲ್ಲಿ ಬೆರಳಿಂದ ತಿರುಗಿಸಿದರೆ ತಿರುಗಬೇಕು ಆದರೆ ಲೊಡಲೊಡ ಎನ್ನಬಾರದು, ಹಿಂದುಗಡೆ ವಾಷರ್ ಮತ್ತು ಸ್ಪ್ಲಿಟ್ ಪಿನ್. ಗುಂಡಿಗೆ ಅಡ್ಡಲಾಗಿ 1.8 ಮಿ.ಮೀ. ತೂತು ತಂತಿಗೆ, ಮೇಲಿಂದ ಎಂ4 ಹಲ್ಲು ಸ್ಕ್ರೂವಿಗೆ. ಸ್ಕ್ರೂ ಮತ್ತು ತಂತಿಯ ನಡುವೆ 3 ಮಿ.ಮೀ. ಉದ್ದದ ತಾಮ್ರದ ಅಥವಾ ಹಿತ್ತಾಳೆಯ ಚೂರನ್ನು ಇಳಿಬಿಡಿ. ಸ್ಕ್ರೂ ತಿರುಗಿದರೂ ಚೂರು ತಿರುಗುವುದಿಲ್ಲ, ತಂತಿಯನ್ನು ಚಪ್ಪಟೆಯಾಗಿ ಅದುಮುತ್ತದೆ. ತಂತಿಯ ತೂತಿನ ಎರಡೂ ಬಾಯಿಗಳ ಅಂಚನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಒಂದು ಸುತ್ತು ಸವರಿ ನುಣುಪು ಮಾಡಿ. ಈ ಚೂಪು ಅಂಚನ್ನು ಮರೆಯುವವರೇ ಹೆಚ್ಚು.

ಕಾರ್ಖಾನೆಯ ಅಚ್ಚಿನ ನಿಪ್ಪಲ್ ಪೆಡಲಿನ ಕಡೆಗಿರಲಿ, ನೀವು ಕತ್ತರಿಸುವ ತುದಿ ಕಾರ್ಬುರೇಟರ್ ಕಡೆಗೆ. ಕಣ್ಣಿಗೆ ಬೀಳುವ ಜಾಗದಲ್ಲಿರುವುದು ನಿಮ್ಮ ಕೈಕೆಲಸವಾದರೆ ಸವೆತ ಬೇಗ ಗೊತ್ತಾಗುತ್ತದೆ. ಪೆಡಲ್ ತೋಳಿನಲ್ಲೂ ನಿಪ್ಪಲ್ ತನ್ನ ಗೂಡಿನಲ್ಲಿ ಸಲೀಸಾಗಿ ತಿರುಗಬೇಕು. ತಂತಿ ಕತ್ತರಿಸುವ ಮುಂಚೆ ಆ ಜಾಗಕ್ಕೆ ಸೋಲ್ಡರ್ ಹರಿಸಿದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಸ್ಟೇನ್‌ಲೆಸ್ ತಂತಿಗೆ ಮಾಮೂಲಿ ಫ್ಲಕ್ಸಿನಲ್ಲಿ ಸೋಲ್ಡರ್ ಹಿಡಿಯುವುದಿಲ್ಲ, ಅದಕ್ಕೆಂದೇ ಇರುವ ಆಮ್ಲದ ಫ್ಲಕ್ಸ್ ಬೇಕು. ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿದರೆ ಉಕ್ಕಿನ ಹದ ಹೋಗಿ ಅಲ್ಲೇ ಮುರಿಯುತ್ತದೆ, ಆದ್ದರಿಂದ ಸೋಲ್ಡರಿಂಗ್ ಐರನ್ ಬಿಸಿ ಸಾಕು. ಔಟರ್ ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಚೌಕಕ್ಕೆ ತಂದು, ಒಳಗಿನ ಪ್ಲಾಸ್ಟಿಕ್ ಕೊಳವೆಯ ಬಾಯಿಯನ್ನು ದಬ್ಬಳದಿಂದ ಅಗಲಿಸಿ, ಲೋಹದ ಟೋಪಿ ಹಾಕಿ.

ದಾರಿ ಆರಿಸುವಾಗ ಒಂದು ವಿಷಯ ನೆನಪಿರಲಿ. ಬಿ-ಸೀರೀಸ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬುರೇಟರ್‌ಗಳ ಕೆಳಗೇ ಕೆಂಡದಂಥ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಒಳಪದರ ನೈಲಾನ್ ಆದರೆ ಕರಗಿ ತಂತಿಗೆ ಅಂಟುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಕ್ಸಾಸ್ಟ್ ಅದನ್ನೂ ದಾಟಬಲ್ಲದು. 100 ಮಿ.ಮೀ. ಅಂತರ ಬಿಡಿ, ಸಾಧ್ಯವಾಗದ ಕಡೆ ಹೀಟ್‌ಶೀಲ್ಡಿನ ಮೇಲ್ಭಾಗದಲ್ಲೇ ಒಯ್ಯಿರಿ. ಬಾಗುಗಳು 150 ಮಿ.ಮೀ. ತ್ರಿಜ್ಯಕ್ಕಿಂತ ಕಿರಿದಾಗದಿರಲಿ. ಎಂಜಿನ್ ಓಲಾಟಕ್ಕೆ ಒಂದು ಸಡಿಲ ಬಳುಕು ಸಾಕು, ಉದ್ದುದ್ದ ಸುರುಳಿ ಬೇಡ. ಹೆಚ್ಚುವರಿ ಉದ್ದವೆಲ್ಲ ಒತ್ತಿದಾಗ ನೆಟ್ಟಗಾಗಲು ನೋಡುತ್ತದೆ, ಎಳೆತ ನುಂಗುತ್ತದೆ. ಒಳಪದರವಿರುವ ಔಟರ್‌ಗೆ ಗ್ರೀಸ್ ತುಂಬಬೇಡಿ, ಧೂಳು ಸೇರಿ ಅಂಟಾಗುತ್ತದೆ. ಪದರವಿಲ್ಲದ ಹಳೆಯ ಸುರುಳಿ ಔಟರ್‌ಗೆ ಮಾತ್ರ ತೆಳು ಎಣ್ಣೆ.

ಇನ್ನೊಂದು ಅನುಮಾನವನ್ನೂ ಬಗೆಹರಿಸಿಕೊಳ್ಳಿ. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಸಡಿಲವಾಗಿದ್ದರೆ ಸ್ಟಾರ್ಟರಿನ ಕರೆಂಟ್ ವಾಪಸಾಗಲು ಬೇರೆ ದಾರಿ ಹುಡುಕುತ್ತದೆ, ಲೋಹದ ಥ್ರಾಟಲ್ ಕೇಬಲ್ ಮತ್ತು ಚೋಕ್ ಕೇಬಲ್ ಆ ದಾರಿಯಾಗುತ್ತವೆ. ಸೆಲ್ಫ್ ಹೊಡೆದಾಗ ಕೇಬಲ್ ಬಿಸಿಯಾಗುವುದು, ಔಟರ್ ಮೇಲಿನ ಪ್ಲಾಸ್ಟಿಕ್ ಉಬ್ಬುವುದು ಇದರ ಗುರುತು. ಕಡ್ಡಿಗಳಿದ್ದ ಕಾಲದಲ್ಲಿ ಈ ದೋಷ ಕಾಣಿಸಿಕೊಳ್ಳದೇ ಇದ್ದಿರಬಹುದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ತ್ ಕಂಬಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟಿಗಿಂತ ಸಾಕಷ್ಟು ಮೇಲೆ ಹೋದರೆ ಅರ್ತ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿದು ಆಮೇಲೆ ಹೊಸ ಕೇಬಲ್ ಹಾಕಿ.

ಮುಗ್ಗರಿಕೆ, ಅಂದರೆ ಹೊಂದಾಣಿಕೆ

ಎಚ್‌ಎಸ್4ರ ಬಾಯಿ ಒಂದೂವರೆ ಇಂಚು. ಹೆಸರಿನ ಕೊನೆಯ ಅಂಕಿ, ಒಂದು ಇಂಚಿನ ಮೇಲೆ ಎಷ್ಟು ಎಂಟನೇ ಒಂದು ಇಂಚುಗಳು ಎಂಬುದರ ಲೆಕ್ಕ. ಎಚ್‌ಎಸ್2 ಆದರೆ ಒಂದೂಕಾಲು. ಇಷ್ಟು ದೊಡ್ಡ ದಾರಿಯಲ್ಲಿ ಐಡಲ್ ಸಮಯಕ್ಕೆ ಬಟರ್‌ಫ್ಲೈ ಬಿಡುವ ಬಿರುಕು ಕೂದಲೆಳೆಯಷ್ಟು. ಅಲ್ಲಿ ಒಂದು ಡಿಗ್ರಿ ವ್ಯತ್ಯಾಸವೇ ದೊಡ್ಡದು. ಪೂರ್ತಿ ತೆರೆದಾಗ ಮೂರು ಡಿಗ್ರಿ ಹೆಚ್ಚುಕಮ್ಮಿಯಾದರೂ ಎಂಜಿನ್ ಕೇಳಿಸಿಕೊಳ್ಳುವುದಿಲ್ಲ.

ನಡುವಿನ ಶಾಫ್ಟಿನ ಎರಡೂ ಬದಿಯ ಕ್ಲ್ಯಾಂಪ್ ಲಿವರುಗಳಲ್ಲಿ ಒಂದೊಂದು ಪಿನ್ ಇದೆ, ಅದು ಕಾರ್ಬುರೇಟರ್ ಸ್ಪಿಂಡಲಿನ ಕವೆಯೊಳಗೆ ಕೂರುತ್ತದೆ. ಐಡಲ್‌ನಲ್ಲಿ ಪಿನ್ನು ಕವೆಯ ತಳ್ಳುವ ಅಂಚಿನಿಂದ 0.3 ಮಿ.ಮೀ. ದೂರ ನಿಲ್ಲಬೇಕು, ಎರಡೂ ಕಡೆ ಒಂದೇ ಸಮ. ನಿಮ್ಮದರಲ್ಲಿ ಒಂದು ಕಡೆ 0.3, ಇನ್ನೊಂದು ಕಡೆ ಒಂದು ಮಿ.ಮೀ. ಇದೆ ಎಂದು ಅಂದಾಜು. ಪೆಡಲ್ ಮುಟ್ಟಿದಾಗ ಒಂದು ಕಾರ್ಬುರೇಟರ್ ಎದ್ದಾಯಿತು, ಇನ್ನೊಂದು ಇನ್ನೂ ನಿದ್ದೆಯಲ್ಲಿದೆ. ಎರಡು ಸಿಲಿಂಡರ್ ಎಳೆಯುತ್ತವೆ, ಎರಡು ಸುಮ್ಮನಿರುತ್ತವೆ. ಐಡಲ್ ಸ್ಕ್ರೂಗಳು ತಮ್ಮಷ್ಟಕ್ಕೆ ಸರಿಯಿರುವುದರಿಂದ ನಿಂತಾಗ ಎಲ್ಲ ಚೆಂದ.

ಹೊಂದಾಣಿಕೆ ಮಾಡುವಾಗ ಕೇಬಲ್ ಕಳಚಿರಲೇಬೇಕು, ಇದರಲ್ಲಿ ರಾಜಿ ಬೇಡ. ಏರ್‌ಕ್ಲೀನರ್ ಬಿಚ್ಚಿ. ಕಾರ್ಬುರೇಟರಿನ ಡ್ಯಾಂಪರಿನಲ್ಲಿ ಎಸ್‌ಎಇ 20 ಎಣ್ಣೆ ಇದೆಯೇ, ಕಾರ್ಬುರೇಟರಿನೊಳಗೆ ಏರಿಳಿಯುವ ಪಿಸ್ಟನ್ (ಎಂಜಿನ್ನಿನದಲ್ಲ) ಎತ್ತಿ ಬಿಟ್ಟರೆ ಎರಡೂ ಒಂದೇ ವೇಗದಲ್ಲಿ ಇಳಿದು ಟಕ್ ಎನ್ನುತ್ತವೆಯೇ ನೋಡಿಕೊಳ್ಳಿ. ಎಂಜಿನ್ ಚೆನ್ನಾಗಿ ಕಾಯಲಿ. ಶಾಫ್ಟಿನ ಎರಡೂ ಕ್ಲ್ಯಾಂಪ್ ಸಡಿಲಿಸಿ, ಚೋಕಿನ ಫಾಸ್ಟ್ ಐಡಲ್ ಸ್ಕ್ರೂಗಳು ತಮ್ಮ ಕ್ಯಾಮಿಗೆ ತಾಗದಂತೆ ಹಿಂದಕ್ಕೆ ತಿರುಗಿಸಿ, ಎರಡೂ ಐಡಲ್ ಸ್ಕ್ರೂಗಳನ್ನು ಬಟರ್‌ಫ್ಲೈ ಪೂರ್ತಿ ಮುಚ್ಚುವವರೆಗೆ ಬಿಚ್ಚಿ, ಮುಟ್ಟಿದ ಜಾಗದಿಂದ ಒಂದು ಸುತ್ತು ಒಳಗೆ ಹಾಕಿ. ಎಂಜಿನ್ ನಡೆಸಿ, ಅರ್ಧ ಮೀಟರ್ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಯ ಒಂದೇ ಜಾಗಕ್ಕೆ, ಎರಡರಲ್ಲೂ. ಸುಂಯ್ ಎನ್ನುವ ಸದ್ದು ಸಮವಾಗುವವರೆಗೆ ಎರಡೂ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಕಡಿಮೆ ಹಂತಗಳಲ್ಲಿ ತಿರುಗಿಸುತ್ತಾ ಎಂಜಿನ್ ವೇಗವನ್ನು ನಿಮಿಷಕ್ಕೆ 800ರಿಂದ 900 ಸುತ್ತಿಗೆ ತನ್ನಿ. ಗಾಳಿ ಅಳೆಯುವ ಮೀಟರ್ ಇದ್ದರೆ ಸರಿ, ಇಲ್ಲದಿದ್ದರೆ ಕಿವಿ ಸಾಕಷ್ಟು ಚುರುಕು. ಮಿಶ್ರಣ ನೋಡಲು ಒಂದು ಕಾರ್ಬುರೇಟರಿನ ಪಿಸ್ಟನ್ನನ್ನು ಅದನ್ನು ಎತ್ತಲೆಂದೇ ಇರುವ ಪಿನ್ನಿನಿಂದ 0.8 ಮಿ.ಮೀ.ನಷ್ಟೇ ಎತ್ತಿ: ಎಂಜಿನ್ ವೇಗ ಕ್ಷಣ ಮಾತ್ರ ಏರಿ ಮತ್ತೆ ಮೊದಲಿನ ಮಟ್ಟಕ್ಕೆ ಬಂದರೆ ಸರಿ, ಏರಿ ಹಾಗೇ ಉಳಿದರೆ ಪೆಟ್ರೋಲ್ ಹೆಚ್ಚು, ಕುಸಿದರೆ ಕಡಿಮೆ.

ಎಂಜಿನ್ ನಿಲ್ಲಿಸಿ ಕ್ಲ್ಯಾಂಪ್‌ಗಳ ಕಡೆ ಬನ್ನಿ. ಎರಡೂ ಕವೆಗಳಲ್ಲಿ ಪಿನ್ ಮುಂದೆ 0.3 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು, ಶಾಫ್ಟನ್ನು ಅಲುಗದಂತೆ ಹಿಡಿದು, ಪಿನ್ನು ಗೇಜಿಗೆ ಹಗುರವಾಗಿ ತಾಗಿದ ಸ್ಥಿತಿಯಲ್ಲಿ ಎರಡನ್ನೂ ಬಿಗಿಯಿರಿ. ಗೇಜ್ ತೆಗೆದು ಶಾಫ್ಟನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ, ಎರಡೂ ಕವೆಗಳು ಒಂದೇ ಕ್ಷಣಕ್ಕೆ ಅಲುಗುತ್ತವೆಯೇ ಎಂದು ಕಣ್ಣಾರೆ ನೋಡಿ. ನಂತರ ಎಂಜಿನ್ ನಡೆಸಿ ಶಾಫ್ಟನ್ನು 1500 ಸುತ್ತಿನಲ್ಲಿ ಹಿಡಿದು ಮತ್ತೆ ಕೊಳವೆಯಿಂದ ಆಲಿಸಿ. ಐಡಲ್‌ನಲ್ಲಿ ಸಮ, 1500ರಲ್ಲಿ ಅಸಮವಾದರೆ ತಪ್ಪು ಕ್ಲ್ಯಾಂಪಿನಲ್ಲೇ, ಐಡಲ್ ಸ್ಕ್ರೂ ಮುಟ್ಟಬೇಡಿ.

ಲಿವರ್ ಅಥವಾ ರಾಟೆಯ ತುಂಡು ಈ ನಡುವಿನ ಶಾಫ್ಟಿನ ಮೇಲೇ ಇರಬೇಕು, ಸಾಧ್ಯವಾದಷ್ಟೂ ಮಧ್ಯಕ್ಕೆ. ಒಂದು ಕಾರ್ಬುರೇಟರಿನ ಸ್ಪಿಂಡಲ್ ತುದಿಗೆ ಹಾಕಿ ಎಳೆದರೆ ಎರಡನೆಯದು ಎರಡು ಕೀಲುಗಳ ಸಡಿಲವನ್ನೂ ಶಾಫ್ಟಿನ ತಿರುಚನ್ನೂ ದಾಟಿ ಏಳಬೇಕು, ಯಾವಾಗಲೂ ಹಿಂದೆ ಬೀಳುತ್ತದೆ.

ಸ್ಪ್ರಿಂಗ್, ತಡೆ, ಕೊನೆಯ ಜೋಡಣೆ

ಪ್ರತಿ ಕಾರ್ಬುರೇಟರ್ ಸ್ಪಿಂಡಲಿಗೆ ತನ್ನದೇ ರಿಟರ್ನ್ ಸ್ಪ್ರಿಂಗ್, ಪೆಡಲಿಗೆ ಒಂದು ಬೇರೆ. ಮಧ್ಯದ ಶಾಫ್ಟಿಗೆ ಮಾತ್ರ ಒಂದು ದಪ್ಪ ಸ್ಪ್ರಿಂಗ್ ಹಾಕಿ ಕೈತೊಳೆದುಕೊಂಡರೆ, ಕ್ಲ್ಯಾಂಪ್ ಒಂದು ಜಾರಿದ ದಿನ ಆ ಕಾರ್ಬುರೇಟರ್ ತೆರೆದೇ ಉಳಿಯುತ್ತದೆ. ಸ್ಪ್ರಿಂಗುಗಳು ಮೃದುವಾಗಿರಲಿ. ಬಿಗಿ ಸ್ಪ್ರಿಂಗ್ ಸ್ಪಿಂಡಲನ್ನು ಸದಾ ಒಂದೇ ಪಕ್ಕಕ್ಕೆ ಎಳೆದು ಬುಷ್ ಸವೆಸುತ್ತದೆ, ಅಲ್ಲಿಂದ ಗಾಳಿ ನುಸುಳಿ ಐಡಲ್ ನಿಲ್ಲದಂತಾಗುತ್ತದೆ. ಪೂರ್ತಿ ತೆರೆದ ಸ್ಥಿತಿಯಲ್ಲಿ ಸ್ಪ್ರಿಂಗಿನ ಗೆರೆ ಸ್ಪಿಂಡಲ್ ಮಧ್ಯವನ್ನು ದಾಟಿ ಆಚೆ ಹೋಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ದಾಟಿದರೆ ಅದೇ ಸ್ಪ್ರಿಂಗ್ ತೆರೆದ ಕಡೆಗೆ ಎಳೆಯುತ್ತದೆ.

ಎಲ್ಲ ಆದ ಮೇಲೆ ಕೇಬಲ್ ಸಿಕ್ಕಿಸುವ ಸರದಿ. ಐಡಲ್‌ನಲ್ಲಿ ಒಳತಂತಿಗೆ ಒಂದೂವರೆ ಮಿ.ಮೀ. ಸಡಿಲ ಬಿಡಿ. ಬಟರ್‌ಫ್ಲೈ ತನ್ನ ಐಡಲ್ ಸ್ಕ್ರೂ ಮೇಲೆ ಕೂರಬೇಕೇ ಹೊರತು ಕೇಬಲ್‌ಗೆ ನೇತಾಡಬಾರದು. ಆ ಮೇಲೆ ಪೆಡಲಿನಡಿ ನೆಲಕ್ಕೆ ಒಂದು ತಡೆ: ಬೋಲ್ಟ್ ಮತ್ತು ಲಾಕ್‌ನಟ್ ಸಾಕು. ಒಬ್ಬರು ಪೆಡಲ್ ಒತ್ತಲಿ, ನೀವು ಕಾರ್ಬುರೇಟರ್ ಬಾಯಲ್ಲಿ ಪಿಸ್ಟನ್ ಎತ್ತಿ ಬಟರ್‌ಫ್ಲೈ ನೋಡಿ. ಪೂರ್ತಿ ತೆರೆಯಲು ಒಂದು ಕೂದಲು ಬಾಕಿ ಇರುವಾಗ ಪೆಡಲ್ ತಡೆಗೆ ತಾಗಬೇಕು. ಈ ತಡೆ ಇಲ್ಲದಿದ್ದರೆ ಕಾಲಿನ ಇಡೀ ಭಾರ ತಂತಿಯ ಮೂಲಕ ಹಿತ್ತಾಳೆಯ ಸ್ಪಿಂಡಲಿನ ತಡೆಗೆ ಬೀಳುತ್ತದೆ. ತಂತಿ ಹಿಗ್ಗುತ್ತದೆ, ಕವೆ ಬಾಗುತ್ತದೆ, ನಿಮ್ಮ 0.3 ಮಿ.ಮೀ. ಎಲ್ಲಿಗೋ ಹೋಗುತ್ತದೆ. ನೆಲದ ಮ್ಯಾಟ್ ಹಾಸಿಯೇ ಇದನ್ನು ನೋಡಿ. ದಪ್ಪ ಮ್ಯಾಟ್ ಹತ್ತು ಮಿಲಿಮೀಟರ್ ತಿನ್ನಬಲ್ಲದು, ಪೆಡಲನ್ನು ಕಚ್ಚಿ ಹಿಡಿಯಲೂ ಬಲ್ಲದು.

ರಸ್ತೆಗೆ ಇಳಿಸುವ ಮುಂಚೆ, ಎಂಜಿನ್ ನಿಂತಿರುವಾಗ, ಪೆಡಲ್ ಪೂರ್ತಿ ಒತ್ತಿಸಿ ಥಟ್ಟನೆ ಬಿಡಿಸಿ: ಎರಡೂ ಕಾರ್ಬುರೇಟರಿನಿಂದ ಟಕ್ ಎಂಬ ಸದ್ದು ಒಟ್ಟಿಗೇ ಬರಬೇಕು. ಒಂದೊಂದೇ ಸ್ಪ್ರಿಂಗ್ ಕಳಚಿ ಉಳಿದವುಗಳಿಂದಲೇ ಥ್ರಾಟಲ್ ಮುಚ್ಚುತ್ತದೆಯೇ ನೋಡಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಕೇಬಲ್ ಎಲ್ಲೂ ಸಿಕ್ಕಿಕೊಳ್ಳುತ್ತಿಲ್ಲವಷ್ಟೆ? ನಂತರ ಎಂಜಿನ್ ನಡೆಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಒಮ್ಮೆ ರೇಸ್ ಮಾಡಿ ಬಿಡಿ. ಎಂಜಿನ್ನಿನ ಓಲಾಟ ನಿಂತ ಮೇಲೆ ಐಡಲ್ ಮೊದಲಿನ ಅಂಕಿಗೇ ಬರಬೇಕು. 50 ಸುತ್ತು ಮೇಲೆ ನಿಂತರೆ ಔಟರ್ ಎಲ್ಲೋ ಬಿಗಿಯಾಗಿದೆ, ಸಡಿಲ ಸಾಲದು. ಮೊದಲ ಓಡಾಟದಲ್ಲಿ ಥ್ರಾಟಲ್ ಸಿಕ್ಕಿಕೊಂಡಂತೆ ಅನಿಸಿದರೆ ಕ್ಲಚ್ ಒತ್ತಿ, ಇಗ್ನಿಷನ್ ಕೀಯನ್ನು ಒಂದೇ ಹಂತ ಹಿಂದಕ್ಕೆ ತಿರುಗಿಸಿ. ಸ್ಟೀರಿಂಗ್ ಲಾಕ್ ಇರುವ ಕಾರಾದರೆ ಕೀ ಹೊರತೆಗೆಯಬೇಡಿ.

ಹೊಸ ಕೇಬಲ್ ಮೊದಲ ಕೆಲವು ದಿನಗಳಲ್ಲಿ ಕೂತುಕೊಳ್ಳುತ್ತದೆ, ಸಡಿಲ ಒಂದೂವರೆಯಿಂದ ಮೂರು ಮಿ.ಮೀ.ಗೆ ಹೋಗಬಹುದು. 200 ಕಿ.ಮೀ. ಆದ ಮೇಲೆ ಅಡ್ಜಸ್ಟರಿನಲ್ಲಿ ಸರಿಪಡಿಸಿ, ಹಿತ್ತಾಳೆ ಗುಂಡಿಯ ಸ್ಕ್ರೂ ಒಮ್ಮೆ ನೋಡಿ, ಗುಂಡಿ ಇನ್ನೂ ಬೆರಳಿಗೆ ತಿರುಗುತ್ತದೆಯೇ ಪರೀಕ್ಷಿಸಿ. ಗುಂಡಿಯ ಬಾಯಲ್ಲಿ ಒಂದೇ ಒಂದು ಎಳೆ ಮುಳ್ಳಿನಂತೆ ಎದ್ದು ನಿಂತಿದ್ದರೂ ಆ ತಂತಿಯನ್ನು ಅಂದೇ ಬದಲಿಸಿ.